ಎರಡು ಬೆರಳಿನ ಅಂತರ

ಆವಿ ತಾಗಿದರೆ ಮಖಮಲ್ಲಿಗೆ ಒದ್ದೆ ನಾಯಿಯ ವಾಸನೆ ಬರುತ್ತದೆ, ಎಂಥ ರಾಜ ತೊಟ್ಟ ಕೋಟಾದರೂ ಅಷ್ಟೇ, ಕುದಿಯುವ ಕೆಟಲಿನ ಮೂತಿಗೆ ಕೋಟಿನ ಬೆನ್ನು ಹಿಡಿದು ಅವಳು ಅಂಚಿನ ಕೆಳತುದಿಯಲ್ಲಿ ನಾಲ್ಕು ಹೊಲಿಗೆ ಬಿಚ್ಚಿ ಬ್ರಷ್ ಆಡಿಸುತ್ತಿದ್ದಾಳೆ, ಮಡಿಕೆಯ ಗೆರೆ ಒಂಚೂರಾದರೂ ಏಳಲಿ ಎಂದು, ಏಳುವುದಿಲ್ಲ, ಮಖಮಲ್ಲಿಗೆ ಸೂಜಿ ಹಾಕೋ ಮುಂಚೆ ಎರಡು ಸಲ ಯೋಚನೆ ಮಾಡು ಕಣೆ, ಹತ್ತಿಬಟ್ಟೆ ಒಗೆದರೆ ಮರೆತುಬಿಡುತ್ತೆ, ಇದು ಮರೆಯಲ್ಲ — ಅತ್ತೆ ಹೇಳಿದ್ದು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳುತ್ತಿದ್ದರು, ಹಾಗಾಗಿ ಅವರ ಅರ್ಧ ಮಾತು ಅರ್ಥವಾಗುತ್ತಿರಲಿಲ್ಲ, ಇದೊಂದು ಮಾತ್ರ ಪೂರ್ತಿ ಅರ್ಥವಾಗಿತ್ತು, ಅರ್ಥವಾಗಿ ಏನು ಬಂತು. ಅತ್ತೆ ಎಂದರೆ ಗಂಡನ ಸೋದರಮಾವನ ಹೆಂಡತಿ, ಈ ಕೋಟನ್ನು ಮಿಷನ್ನಿಗೆ ಕೊಡದೆ ಕೈಯಲ್ಲೇ ಹೊಲಿದವರು, ಅವರು ಹೋಗಿ ಎಷ್ಟೋ ವರ್ಷವಾದರೂ ಕೋಟು ಗಟ್ಟಿಯಾಗಿದೆ, ಮಾವನೂ ಗಟ್ಟಿಯಾಗಿದ್ದರು, ಈ ಸಲದ ತಿರುಗಾಟ ಶುರುವಾಗುವ ತನಕ. ಕಂಪನಿಯವರಿಗೆಲ್ಲ ದೊಡ್ಡವರು, ಅವಳಿಗೆ ಮಾವ, ಊರೂರು ತಿರುಗುವ ಈ ನಾಟಕ ಕಂಪನಿಗೆ ಯಜಮಾನರೂ ಅವರೇ, ರಾಜನೂ ಅವರೇ, ಇವತ್ತು ಮಧ್ಯಾಹ್ನದ ಆಟ ಮುಗಿಯುವವರೆಗೆ, ಆಮೇಲೆ ಅವಳ ಗಂಡ. ಹೊರಗೆ ದೀಪದವನು ಏಣಿ ಎಳೆಯುವ ಸದ್ದು, ಈ ವೇಷದ ಕೋಣೆಯ ಕನ್ನಡಿ ಸುತ್ತಲಿನ ಬಲ್ಬುಗಳಲ್ಲಿ ಅರ್ಧ ಕೆಟ್ಟಿವೆ, ಒಳ್ಳೆಯದೇ ಆಯಿತು, ಇವತ್ತು ಅವಳಿಗೆ ಜಾಸ್ತಿ ಬೆಳಕು ಬೇಡ.

ಅಷ್ಟಕ್ಕೂ ಮಾಡಿದ್ದೇನು, ಕೊಲೆಯೇನಲ್ಲವಲ್ಲ, ಒಂದು ಕೋಟು ಬಿಗಿ ಮಾಡಿದ್ದು. ಗಂಡ ಹೇಳಿದ, ಮುಂದಿನ ಊರಿನವರು ಪೋಸ್ಟರಿಗೆ ಹೊಸ ಮುಖ ಕೇಳ್ತಿದಾರೆ ಕಣೆ, ಕೋಟು ಹಾಕ್ಕೊಂಡು ಒಂದು ಫೋಟೊ ಅಷ್ಟೇ, ಮಾವನಿಗೆ ಆಮೇಲೆ ನಿಧಾನಕ್ಕೆ ಹೇಳಿದರಾಯ್ತು. ಆಗಿನ್ನೂ ಏನೂ ತೀರ್ಮಾನವಾಗಿರಲಿಲ್ಲ, ಯಜಮಾನಿಕೆ ಬದಲಾಗಬೇಕೆಂದು ಕಂಪನಿಯಲ್ಲಿ ಗುಸುಗುಸು ಇತ್ತು, ಬೇಡ ಎನ್ನುವವರೂ ಅಷ್ಟೇ ಜನ ಇದ್ದರು, ಕೂಸು ಹುಟ್ಟುವ ಮುನ್ನ ಕುಲಾವಿ ಯಾಕ್ರೀ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿದಳು, ಯಾಕೆ ನುಂಗಿದಳು, ಖುಷಿಯಾಗಿತ್ತು ಅದಕ್ಕೆ — ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು, ಖುಷಿಯಾಗಿತ್ತು, ಮದುವೆಯಾದಾಗಿನಿಂದ ಗಂಡನದು ಸೇನಾಪತಿಯ ಪಾತ್ರ, ಅವನ ತಗಡಿನ ಎದೆಕವಚಕ್ಕೆ ಬಣ್ಣ ಬಳಿದು ಬಳಿದು ಸಾಕಾಗಿತ್ತು, ಅವನ ಮೈಮೇಲೆ ಮಖಮಲ್ಲು ಹೇಗೆ ಕೂರುತ್ತದೆಂದು ಒಮ್ಮೆ ಕಣ್ತುಂಬ ನೋಡಬೇಕಿತ್ತು. ಬೆನ್ನ ಕಡೆ ತೆರೆಯುವ ಕೋಟು ಇದು, ಆಟದ ನಡುವೆ ಸರಕ್ಕನೆ ಕಳಚಲು ಅನುಕೂಲವಾಗಲಿ ಎಂದು ಅತ್ತೆ ಹಾಗೆ ಹೊಲಿದದ್ದು, ಗಂಡನಿಗೆ ಸಡಿಲವಾಯಿತೆಂದು ಹುಕ್ಕು ಕುಣಿಕೆ ಎಲ್ಲ ಬಿಚ್ಚಿ, ಈ ಅಂಚಿನಲ್ಲಿ ಒಂದು ಬೆರಳು ಬಟ್ಟೆ ಒಳಕ್ಕೆ ಮಡಿಸಿ, ಆ ಅಂಚಿನಲ್ಲಿ ಒಂದು ಬೆರಳು ಮಡಿಸಿ ಹೊಲಿದು, ಹುಕ್ಕು ಕುಣಿಕೆಗಳನ್ನು ಹೊಸ ಅಂಚಿಗೆ ಹೊಲಿದಳು, ಅಂಚಿನುದ್ದಕ್ಕೂ ಅತ್ತೆ ಹಾಕಿದ್ದ ಓರೆ ಹೊಲಿಗೆ ಮಡಿಕೆಯೊಳಗೆ ಹೋಯಿತು, ಫೋಟೊ ತೆಗೆದರು, ಗಂಡ ರಾಜನ ಹಾಗೇ ಕಂಡ, ಕೋಟು ಪೆಟ್ಟಿಗೆ ಸೇರಿತು. ರಾಜನ ನಾಟಕ ಆ ತಿಂಗಳು ಇರಲೇ ಇಲ್ಲ, ಬಿಡುವಾದಾಗ ಬಿಚ್ಚಿದರಾಯಿತು ಅಂದುಕೊಂಡಳು, ಅಷ್ಟರಲ್ಲಿ ಥಿಯೇಟರಿನವರು ಅದೇ ನಾಟಕ ಬೇಕೆಂದು ಹಟ ಹಿಡಿದರು, ಮಾವ ಬಂದು ಎರಡೂ ಕೈ ಚಾಚಿ ನಿಂತರು, ತೊಡಿಸಮ್ಮ. ಮೇಲಿನ ಹುಕ್ಕು ಸೇರಿತು, ಸೊಂಟದ ಹತ್ತಿರದ್ದು ಸೇರಲಿಲ್ಲ, ಹುಕ್ಕು ಈ ಕಡೆ, ಕುಣಿಕೆ ಆ ಕಡೆ, ನಡುವೆ ಬೆಳ್ಳಗೆ ಮಾವನ ಬನಿಯನ್ನು. ಎಷ್ಟು ಬಿಟ್ಟಿದೆಯಮ್ಮ. ಎರಡು ಬೆರಳು ಮಾವ. ದಪ್ಪ ಆದೆನಾ ನಾನು. ಆಗ ಹೇಳಬಹುದಿತ್ತು, ಬೈಯುತ್ತಿದ್ದರು, ಬೈದು ಮರೆಯುತ್ತಿದ್ದರು, ಮಾವನ ಸಿಟ್ಟು ಹಾಲಿನ ಉಕ್ಕು, ಕನ್ನಡಿಯಲ್ಲಿ ಒಂದೇ ಹುಬ್ಬಿಗೆ ಕಪ್ಪು ಹಚ್ಚಿದ ಅವರ ಮುಖ ಅವಳ ಉತ್ತರಕ್ಕೆ ಕಾಯುತ್ತಿತ್ತು — ಸ್ವಲ್ಪ ಆಗಿದೀರ ಮಾವ, ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಕೈ ತಾನೇ ಹೋಗಿ ಮಡಿಸಿದ ಅಂಚನ್ನು ಮುಚ್ಚಿತು, ಮುಚ್ಚುವ ಅಗತ್ಯವೇ ಇರಲಿಲ್ಲ, ತನ್ನ ಬೆನ್ನು ತನಗೆ ಯಾರಿಗೆ ಕಾಣುತ್ತದೆ, ಮೇಲೊಂದು ಶಾಲು ಇಳಿಬಿಟ್ಟು ರಂಗಕ್ಕೆ ಕಳಿಸಿದಳು.

ಮಾರನೆಯ ದಿನದಿಂದ ಮಾವ ತಟ್ಟೆ ಸರಿಸತೊಡಗಿದರು, ಸಾಕಮ್ಮ, ರಾಜ ಹೊಟ್ಟೆ ಬಿಟ್ಟುಕೊಂಡರೆ ಪ್ರಜೆಗಳು ನಗ್ತಾರೆ. ಎರಡು ಮೊಟ್ಟೆ ಒಂದಾಯಿತು, ಒಂದು ಅರ್ಧವಾಯಿತು, ಉಳಿದದ್ದು ದೀಪದವನ ತಟ್ಟೆಗೆ, ಅವನೋ ಬೇಡ ಅನ್ನುವ ಆಸಾಮಿಯೇ ಅಲ್ಲ, ತಿಂದು ತೇಗಿ, ದೊಡ್ಡವರ ಪಥ್ಯ ಹೀಗೇ ನಡೀಲಿ ಅಂದ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಇದೇ ಬಾಯಲ್ಲಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಯಾರೋ ಹಿಂದಿನಿಂದ ಆಡಿಕೊಂಡರು. ಕೋಟಿನ ಮಡಿಕೆ ಬಿಚ್ಚಿಬಿಡ್ತೀನಿ ಕಣ್ರೀ, ನನ್ನ ಕೈಲಿ ನೋಡಕ್ಕಾಗಲ್ಲ. ಬಿಚ್ಚಿದರೆ ಗೆರೆ ಕಾಣುತ್ತಲ್ಲೇ, ಇದೇನು ಅಂತ ಕೇಳಿದರೆ ಏನಂತೀಯ, ಅಂದ ಗಂಡ, ಅವನು ಕೆಟ್ಟವನಲ್ಲ, ಮಾವನ ಕೈತುತ್ತು ತಿಂದು ಬೆಳೆದವನು, ಹೇಳೋಣ, ನಾಳೆ ನಾನೇ ಹೇಳ್ತೀನಿ ಎಂದು ಪ್ರತಿದಿನ ಅನ್ನುತ್ತಿದ್ದ, ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಇತ್ತ ಮಾವ ಪ್ರತಿ ಆಟಕ್ಕೂ ಬೆನ್ನು ಕೊಟ್ಟು ನಿಂತು, ಎಷ್ಟಿದೆ ಇವತ್ತು. ಒಂದೂವರೆ ಬೆರಳು ಮಾವ. ಭೇಷ್. ಇವತ್ತು. ಒಂದು. ಮಗು ಅಂಕ ಕೇಳುವ ಹಾಗೆ ಕೇಳುತ್ತಿದ್ದರು, ಅವಳು ಅಂಕ ಕೊಡುತ್ತಿದ್ದಳು. ಆಮೇಲೊಂದು ಸಂಜೆ ದರ್ಬಾರಿನ ದೃಶ್ಯದಲ್ಲಿ ಸಿಂಹಾಸನದಿಂದ ಎದ್ದವರು ಮಾತನ್ನು ಅರ್ಧಕ್ಕೇ ಬಿಟ್ಟರು, ಕಣ್ಣಿಗೆ ಕತ್ತಲೆ ಬಂದು ಗಾಳಿಯಲ್ಲಿ ಕೈ ತಡಕಾಡಿದರು, ಸೇನಾಪತಿಯ ವೇಷದಲ್ಲಿದ್ದ ಗಂಡ ಓಡಿಹೋಗಿ ಹಿಡಿದುಕೊಂಡ, ಪರದೆ ಬಿತ್ತು. ವಯಸ್ಸಾಯ್ತು ಅಂದರು ಕಂಪನಿಯವರು, ಮಾತೂ ಮರೀತಿದಾರೆ ಅಂದರು, ಮರುದಿನ ಚಹಾ ಕುಡಿಯುತ್ತ, ಮಾವನೊಬ್ಬರನ್ನು ಬಿಟ್ಟು, ಯಜಮಾನಿಕೆ ಬದಲಾಗಲಿ ಎಂದು ಎಲ್ಲ ಸೇರಿ ತೀರ್ಮಾನಿಸಿದರು, ಬೇಡ ಅನ್ನುತ್ತಿದ್ದವರೂ ತಲೆಯಾಡಿಸಿದರು, ಕಣ್ಣಾರೆ ಕಂಡ ಮೇಲೆ ಇನ್ನೇನಿದೆ. ಅದು ವಯಸ್ಸಲ್ಲ, ಹಸಿವು — ಗೊತ್ತಿದ್ದದ್ದು ಇಬ್ಬರಿಗೆ, ಒಬ್ಬ ತನ್ನ ಲೋಟದೊಳಗೆ ನೋಡುತ್ತ ಕೂತಿದ್ದ, ಇನ್ನೊಬ್ಬಳು ಎಲ್ಲರ ಲೋಟಕ್ಕೂ ಇನ್ನಷ್ಟು ಚಹಾ ಹಾಕುತ್ತಿದ್ದಳು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಎಂದು ಚರ್ಚೆ ನಡೆಯಿತು, ಆದರೆ ಆ ಕೆಲಸವೇ ಬೀಳಲಿಲ್ಲ, ಮಾವನೇ ಬಂದರು, ಮೈ ನನ್ನ ಮಾತು ಕೇಳ್ತಿಲ್ಲ ಕಣ್ರಪ್ಪ, ಮುಂದಿನ ಊರಲ್ಲಿ ಆಟ ಮುಗಿದ ಮೇಲೆ ಜನರ ಎದುರಿಗೇ ಹುಡುಗನಿಗೆ ಒಪ್ಪಿಸಿಬಿಡ್ತೀನಿ, ನನ್ನ ಕೈಯಾರೆ ಕೋಟು ತೊಡಿಸ್ತೀನಿ. ಎಲ್ಲರಿಗೂ ಕಣ್ಣಲ್ಲಿ ನೀರು ಬಂತು, ಅವಳಿಗೆ ಬರಲಿಲ್ಲ, ಕೈಯಾರೆ ಎಂಬ ಒಂದೇ ಮಾತು ಕಿವಿಯಲ್ಲಿ ನಿಂತುಬಿಟ್ಟಿತ್ತು. ಬೆನ್ನಿನ ಹುಕ್ಕು ಇಷ್ಟು ದಿನ ಹಾಕಿದವಳು ಅವಳು, ಇವತ್ತು ಹಾಕುವವರು ಮಾವ.

ಆಯ್ತೇನಮ್ಮ — ಬಾಗಿಲಲ್ಲಿ ನಿಂತಿದ್ದಾರೆ, ಬನಿಯನ್ನಿನ ಮೇಲೆ ಕತ್ತಿನ ಎಲುಬು ಎದ್ದು ಕಾಣುತ್ತಿದೆ, ಕೆನ್ನೆಯ ಗುಳಿ ಮುಚ್ಚಲು ಬಣ್ಣ ದಪ್ಪಗೆ ಹಚ್ಚಿಕೊಂಡಿದ್ದಾರೆ, ಆದರೂ ಕಣ್ಣಲ್ಲಿ ಏನೋ ಹುಡುಗಾಟ, ಕೈ ಚಾಚಿ ಬೆನ್ನು ತಿರುಗಿಸಿದರು, ಅವಳು ಕೋಟು ಏರಿಸಿದಳು, ಮೇಲಿನದು ಸೇರಿತು, ಅದರ ಕೆಳಗಿನದು ಸೇರಿತು, ಸೊಂಟದ ಹತ್ತಿರ ಬಂದು ಕೈ ತಡೆಯಿತು, ಸೇರದಿರಲಿ ದೇವರೇ, ಇವತ್ತೊಂದು ದಿನ ಸೇರದಿರಲಿ, ಶಾಲು ಹೊದಿಸುತ್ತೇನೆ — ಸಲೀಸಾಗಿ ಸೇರಿತು, ಎಳೆಯಲೂ ಬೇಕಾಗಲಿಲ್ಲ. ಸೇರ್ತಾ. ಸೇರ್ತು ಮಾವ. ಪೂರ್ತಿ. ಪೂರ್ತಿ. ಮಾವ ಕನ್ನಡಿಯಲ್ಲಿ ಈ ಮಗ್ಗುಲು ನೋಡಿದರು, ಆ ಮಗ್ಗುಲು ನೋಡಿದರು, ಹೊಟ್ಟೆ ಇದ್ದ ಜಾಗ ತಟ್ಟಿಕೊಂಡರು, ನೋಡಿದೆಯಾ, ನಿಮ್ಮತ್ತೆ ಹೊಲಿದ ಅಳತೆಗೆ ವಾಪಸ್ ಬಂದೆ, ಅವಳಿದ್ದಿದ್ದರೆ ಎಷ್ಟು ಖುಷಿ ಪಡ್ತಿದ್ದಳೋ. ಅವಳು ಎದುರಿಗೆ ಬಂದು ನಿಂತಳು, ಮಾವ, ಒಂದು ಮಾತು, ಈ ಕೋಟು — ಗೊತ್ತು ಬಿಡಮ್ಮ, ಸಂಕಟ ಪಡಬೇಡ, ಯಾರಾದರೂ ಒಂದಿನ ಕಳಚಲೇಬೇಕು, ನಿನ್ನ ಗಂಡ ಬೇರೆಯವನಾ. ಅದಲ್ಲ ಮಾವ. ಇವತ್ತು ನೀನೇ ಬಡಿಸು, ಎರಡು ಮೊಟ್ಟೆ ಹಾಕು, ಬೇಡ ಅನ್ನಲ್ಲ, ಸತ್ಯ ಹೇಳಬೇಕೆಂದರೆ ಹೊಟ್ಟೆ ತುಂಬ ಉಂಡು ಬಹಳ ದಿನ ಆಯ್ತು ಕಣಮ್ಮ. ಗಂಟೆ ಹೊಡೆಯಿತು, ಮಾವ ನಡೆದುಬಿಟ್ಟರು.

ಆಟ ಹೇಗೆ ಮುಗಿಯಿತೋ ಅವಳಿಗೆ ಗೊತ್ತಿಲ್ಲ, ರಂಗದ ಪಕ್ಕ ಪರದೆಯ ಮರೆಯಲ್ಲಿ ನಿಂತಿದ್ದಾಳೆ, ಮುಂಗೈಗೆ ಕಟ್ಟಿದ ಸೂಜಿದಿಂಡಿನಿಂದ ಒಂದೊಂದೇ ಸೂಜಿ ತೆಗೆದು ಮತ್ತೆ ಚುಚ್ಚುತ್ತ, ಮಾವ ಒಂದು ಮಾತೂ ಮರೆಯಲಿಲ್ಲ, ಅದೊಂದು ಕೇಳಿಸಿತು, ಒಂದೇ ಒಂದು ಮಾತೂ ಮರೆಯಲಿಲ್ಲ. ಈಗ ಜನರೆದುರು ನಿಂತು ಏನೋ ಹೇಳುತ್ತಿದ್ದಾರೆ, ನನ್ನ ಅಳಿಯ, ನನ್ನ ಮಗನೇ ಅನ್ನಿ, ಇನ್ನು ಮೇಲೆ ಇವನೇ, ಚಪ್ಪಾಳೆ, ಗಂಡ ಹಿಂದೆ ನಿಂತು ಹುಕ್ಕು ಬಿಚ್ಚಿದ, ಕೋಟು ಇಳಿಯಿತು, ಬರೀ ಬನಿಯನ್ನಿನಲ್ಲಿ ಮಾವ ಎಷ್ಟು ಚಿಕ್ಕವರು, ಚಪ್ಪಾಳೆ ಒಂದು ಗಳಿಗೆ ತಗ್ಗಿತು, ಜನಕ್ಕೂ ಕಂಡಿರಬೇಕು. ಕೋಟು ಗಂಡನ ಮೈಗೇರಿತು, ಅವನ ಮುಖ ಜನರ ಕಡೆ, ಕಣ್ಣು ನೆಲದ ಕಡೆ, ಮಾವ ಅವನ ಬೆನ್ನ ಹಿಂದೆ, ಮೇಲಿನ ಹುಕ್ಕು ಹಾಕಿದರು, ಅದರ ಕೆಳಗಿನದು ಹಾಕಿದರು, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿದೆ, ಹಾಗೆ ಕೂರಬಾರದಿತ್ತು, ಸೊಂಟದ ಹತ್ತಿರ ಕೈ ನಿಂತಿತು. ಬೇಗ ಹಾಕಿಬಿಡಿ ಮಾವ, ಹಾಕಿ ಬನ್ನಿ, ಬಿಸಿ ಬಿಸಿ ಬಡಿಸ್ತೀನಿ. ಮಾವನ ಹೆಬ್ಬೆರಳು ಅಂಚನ್ನು ಸವರುತ್ತಿದೆ, ಓರೆ ಹೊಲಿಗೆಯನ್ನು ಹುಡುಕುತ್ತಿದೆ, ಅತ್ತೆ ಹೊಲಿಯುವಾಗ ಎದುರು ಕೂತು ಬಟ್ಟೆ ಬಿಗಿ ಹಿಡಿದುಕೊಟ್ಟವರು ಅವರೇ ಅಲ್ಲವೇ, ಇಷ್ಟು ದಿನ ನೆನಪಾಗಲಿಲ್ಲ ಅವಳಿಗೆ, ಬೆರಳು ಅಂಚು ದಾಟಿ ಒಳಗೆ ಹೋಯಿತು, ಮಡಿಕೆಯೊಳಗೆ, ಅಲ್ಲಿ ಹೊಲಿಗೆ ಸಿಕ್ಕಿರಬೇಕು, ಆ ಕೈ ಅಲ್ಲೇ ಇಟ್ಟು ಇನ್ನೊಂದು ಕೈ ಆ ಅಂಚಿಗೆ ಹೋಯಿತು, ಈ ಕಡೆ ಒಂದು ಬೆರಳು, ಆ ಕಡೆ ಒಂದು ಬೆರಳು, ಎಷ್ಟು ಬಿಟ್ಟಿದೆಯಮ್ಮ, ಎರಡು ಬೆರಳು ಮಾವ, ದಪ್ಪ ಆದೆನಾ ನಾನು, ಸ್ವಲ್ಪ ಆಗಿದೀರ ಮಾವ — ಜನ ಚಪ್ಪಾಳೆ ತಟ್ಟುತ್ತಲೇ ಇದ್ದಾರೆ, ಗಂಡನ ಬೆನ್ನು ಸೆಟೆದು ನಿಂತಿದೆ, ಮಾವ ಮುಖ ಎತ್ತುತ್ತಿಲ್ಲ, ಈ ಕಡೆ ತಿರುಗಿ ನೋಡುತ್ತಿಲ್ಲ, ಬೈಯಲಿ, ಕೂಗಲಿ, ಹುಕ್ಕು ಹಾಕುತ್ತಲೂ ಇಲ್ಲ, ಬಿಡುತ್ತಲೂ ಇಲ್ಲ, ಕೆಂಪು ಮಖಮಲ್ಲಿನೊಳಗೆ ಈ ಕಡೆ ಒಂದು ಬೆರಳು, ಆ ಕಡೆ ಒಂದು ಬೆರಳು