ಹಿಂಬದಿ ಹಲಗೆ

“ನಿಧಾನ ಕಣೋ ಬೋಳಿಮಗನೆ! ಎಂಜಿನ್ನಿಗೆ ಒಂದು ಗೀರು ಬಿದ್ರೂ ನಿನ್ ಚರ್ಮ ಸುಲಿದು ಅದಕ್ಕೆ ಹೊದಿಸ್ತೀನಿ.”

ಧಣಿ ಷೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಎಂಜಿನ್ನನ್ನು ಹೆಗಲ ಮೇಲೆ ಹೊತ್ತು ಮರಳು ಹತ್ತುತ್ತಿದ್ದವನ ಹೆಸರು ಎತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಇಬ್ಬರು ಹೊರಬೇಕಾದದ್ದನ್ನು ಒಬ್ಬನೇ ಹೊರುತ್ತಾನೆಂದು ಧಣಿ ತಮಾಷೆಗೆ ಕರೆದದ್ದೇ ಗಟ್ಟಿಯಾಗಿ ನಿಂತುಬಿಟ್ಟಿತ್ತು. ಎತ್ತು ಎಂದರೆ ಅವನೂ ಓಗೊಡುತ್ತಿದ್ದ.

ಆ ದಡದಲ್ಲಿ ದೋಣಿ ಮೀನುಗಾರರದ್ದು, ಎಂಜಿನ್ ಧಣಿಯದು. ಹಿಂಬದಿ ಹಲಗೆಗೆ ತಿರುಪು ಕಚ್ಚಿಸಿ ನೇತುಹಾಕುವ ಔಟ್‌ಬೋರ್ಡ್ ಎಂಜಿನ್ನು. ಬೆಳಿಗ್ಗೆ ಬಂದು ಕೈಮುಗಿದರೆ ಕೊಡುತ್ತಿದ್ದ. ಹೊತ್ತು ಮುಳುಗುವ ಮೊದಲು ಬಿಚ್ಚಿ ತಂದು ಷೆಡ್ಡಿಗೆ ಹಾಕಬೇಕು. ಹಿಡಿದ ಮೀನೆಲ್ಲ ಅವನ ತಕ್ಕಡಿಗೇ ಬೀಳಬೇಕು. ತೂಕ ಯಾಕೆ ಕಮ್ಮಿ ಎಂದು ಕೇಳಿದವನಿಗೆ ಮರುದಿನ ಷೆಡ್ಡಿನ ಬಾಗಿಲು ತೆರೆಯುತ್ತಿರಲಿಲ್ಲ, ಅಷ್ಟೇ. ಹೊಡೆತವಿಲ್ಲ, ಬಡಿತವಿಲ್ಲ. ಎದುರಿಗೇ ಸಮುದ್ರ ಬಿದ್ದುಕೊಂಡಿದೆ, ತಾಕತ್ತಿದ್ದರೆ ಈಜಿಕೊಂಡು ಹೋಗು!

ಅವತ್ತು ಬಲೆ ಇನ್ನೂ ನೀರಲ್ಲೇ ಇತ್ತು. ಎಂಜಿನ್ನಿನ ಹೊತ್ತು ಮುಗಿದಿತ್ತು. “ನೀನು ಇದನ್ನ ಹಾಕಿ ಬಾ ಅಣ್ಣ, ನಾನು ಹುಟ್ಟು ಹಾಕ್ಕೊಂಡು ಹೋಗಿ ಬಲೆ ತರ್ತೀನಿ” ಎಂದು ಎತ್ತುವಿನ ತಮ್ಮ ಬರಿ ದೋಣಿಯಲ್ಲಿ ಹೊರಟುಹೋಗಿದ್ದ.

ಎಂಜಿನ್ ಇಳಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಗಾಳಿ ಎದ್ದಿತು. ನೋಡನೋಡುತ್ತ ನೀರು ಕಪ್ಪಾಯಿತು. ಎತ್ತು ಮತ್ತೆ ಎಂಜಿನ್ನಿಗೆ ಕೈ ಹಾಕಿದ.

“ಧಣೀ, ಎಂಜಿನ್ ಕೊಡಿ. ಪಕ್ಕದ ದೋಣಿಗೆ ಹಾಕ್ಕೊಂಡು ಹೋಗ್ತೀನಿ. ತಮ್ಮ ಒಬ್ನೇ ಹೋಗಿದಾನೆ.”

“ಈ ಗಾಳೀಲಿ? ಎಂಜಿನ್ ಮುಳುಗಿಹೋದ್ರೆ ನಿಮ್ಮಪ್ಪ ಕೊಡ್ತಾನಾ? ಬೆಳಿಗ್ಗೆ ಬಾ.”

ಬೀಗ ಬಿತ್ತು. ಎತ್ತು ತಲೆಯ ಬಟ್ಟೆ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು, ಕೈಮುಗಿದು, ಆ ಬಾಗಿಲ ಮುಂದೆಯೇ ನಿಂತ. ಬೆಳಿಗ್ಗೆ ದೋಣಿಯ ಎರಡು ಹಲಗೆ ದಡಕ್ಕೆ ಬಂದವು. ತಮ್ಮ ಬರಲಿಲ್ಲ.

ಅತ್ತು ಕೂತರೆ ಹೊಟ್ಟೆ ಕೇಳುತ್ತದೆಯೇ? ತಮ್ಮನ ಹೆಂಡತಿ ಮೈಮೇಲಿನ ಚೂರುಪಾರು ಒಡವೆ ಮಾರಿ ಯಾರೋ ಬಳಸಿ ಬಿಟ್ಟ ಹಳೇ ದೋಣಿಯೊಂದನ್ನು ಹುಟ್ಟು, ಬಲೆ ಸಮೇತ ಕೊಂಡಳು. ಬಡಗಿ ಅದರ ಸುತ್ತ ಬಂದು, ಹಲಗೆ ಹಲಗೆಯನ್ನೂ ಕುಟ್ಟಿ ನೋಡಿದ.

“ಮೈ ಗಟ್ಟಿ ಇದೆ. ಎಂಜಿನ್ನು ಯಾವುದು? ಹೊರಗೆ ನೇತುಹಾಕೋದಾ, ಒಳಗೆ ಕೂರಿಸೋದಾ?”

“ಹೊರಗಿಂದೇ” ಎಂದ ಎತ್ತು. ಬಾಯಿಗೆ ಅದೇ ರೂಢಿ.

“ಅದೂ ಒಳ್ಳೇದೇ. ಹಗುರ. ದಡಕ್ಕೆ ಬಂದಾಗ ಮೇಲಕ್ಕೆ ಮಡಚಿಬಿಟ್ರೆ ದೋಣೀನ ಮರಳಿಗೆ ಎಳೀಬಹುದು. ಎಣ್ಣೆ ಮಾತ್ರ ಕುಡುಕನ ಹಾಗೆ ಕುಡಿಯುತ್ತೆ. ಒಳಗಿಂದು ಡೀಸೆಲ್ಲು. ಕಮ್ಮಿ ಕುಡಿಯುತ್ತೆ, ಬಾಳಿಕೆ ಜಾಸ್ತಿ. ಆದ್ರೆ ನೀರು ತಳ್ಳೋ ಫ್ಯಾನಿನ ಶಾಫ್ಟು ಹೋಗೋಕೆ ತಳ ಕೊರೀಬೇಕು. ಫ್ಯಾನು ಅಡೀಲಿರುತ್ತೆ, ದಡಕ್ಕೆ ಎಳೆಯೋ ಹಾಗಿಲ್ಲ. ಆಳದಲ್ಲೇ ಲಂಗರು ಹಾಕಿ ಒಬ್ರು ಕಾವಲು ಮಲಗ್ಬೇಕು.”

ಅವಳು ಅಷ್ಟೂ ಕೇಳಿ ಒಂದೇ ಮಾತು ಕೇಳಿದಳು. “ಕಿತ್ಕೊಂಡು ಹೋಗೋಕೆ ಆಗದೆ ಇರೋದು ಯಾವುದು?”

ಬಡಗಿ ಅವಳ ಮುಖ ನೋಡಿದ. “ಒಳಗಿಂದು. ಅದನ್ನ ಬಿಚ್ಚೋ ಹೊತ್ತಿಗೆ ತಾತ ಮುತ್ತಾತ ನೆನಪಾಗ್ತಾರೆ.”

“ಹಾಗಾದ್ರೆ ಅದೇ ಹಾಕಿ. ಕಾವಲು ನಾನು ಮಲಗ್ತೀನಿ.”

“ತಂಗೀ, ಧಣಿಯನ್ನ ಒಂದು ಮಾತು ಕೇಳಿ...” ಎಂದ ಎತ್ತು.

“ಭಾವ, ನೀವು ಕೇಳ್ತಾ ನಿಂತಿದ್ದಾಗಲೇ ಅವ್ರು ಹೋಗಿದ್ದು.”

ಎತ್ತು ತಲೆ ತಗ್ಗಿಸಿ ದೋಣಿಯ ಅಂಚು ಹಿಡಿದುಕೊಂಡ. ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

ಪೇಟೆಯ ಮೆಕ್ಯಾನಿಕ್ ಹತ್ತಿರ, ಮುಚ್ಚಿಹೋದ ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್ನೊಂದು ಇತ್ತು. ಅದಕ್ಕೆ ಬದಲಾಗಿ ಮನೆಯ ಮಾಡಿನ ತಗಡು ಬಿಚ್ಚಿ ಕೊಟ್ಟರು. ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಬಂತು. ಗಾಳಿ ಬಂದಾಗಲೆಲ್ಲ ಅದು ಪಟಪಟ ಬಡಿದುಕೊಳ್ಳುತ್ತಿತ್ತು.

ಎಂಜಿನ್ ಮನೆಗೆ ಬರುವ ಮೊದಲೇ ತಳ ಕೊರೆಸಿದ್ದು ತಪ್ಪು. ಬಡಗಿಯೂ ಬೇಡವೆಂದ. ಆದರೆ ಅವಳಿಗೆ ತನ್ನ ಭಾವ ಗೊತ್ತಿತ್ತು. ಹಾಗೇ ಬಿಟ್ಟರೆ ಒಂದು ಬೆಳಿಗ್ಗೆ ಎದ್ದು ಹೋಗಿ ಷೆಡ್ಡಿನ ಮುಂದೆ ಕೈಮುಗಿದುಬಿಡುತ್ತಾನೆ. ಎದುರಿಗೇ ಕೂತು, ಬೈರಿಗೆ ತಳವನ್ನು ತೂರಿ ಆಚೆ ಬರುವವರೆಗೂ ನೋಡಿದಳು.

ಮರುದಿನ ಕೈಗಾಡಿಯಲ್ಲಿ ಎಂಜಿನ್ ಬರಲಿಲ್ಲ, ತಗಡು ವಾಪಸ್ ಬಂತು.

“ಎಂಜಿನ್ನನ್ನ ಧಣಿ ತಗೊಂಡ್ರು” ಎಂದ ಮೆಕ್ಯಾನಿಕ್, ಗಾಡಿಯ ಚಕ್ರ ನೋಡುತ್ತ. “ನನ್ನ ಅಂಗಡಿ ಜಾಗಾನೂ ಅವರದೇ ಅಲ್ವಾ. ನಾನೇನು ಮಾಡ್ಲಿ, ಬಾಯಿಗೆ ಮಣ್ಣು ಹಾಕ್ಕೊಳ್ಳಾ?” ತಗಡುಗಳನ್ನು ತಾನೇ ಇಳಿಸಿ, ಒಂದರ ಮೇಲೊಂದು ಜೋಡಿಸಿಟ್ಟು ಹೋದ. ಬಯ್ಯುವುದಕ್ಕೂ ಆಗದ ಹಾಗೆ ಮಾಡಿದ.

ಒಲೆ ತಣ್ಣಗಾಯಿತು. ಅಕ್ಕಪಕ್ಕದವರು ಮೊದಲು ಒಂದಿಷ್ಟು ಗಂಜಿ ಕೊಟ್ಟರು. ಆಮೇಲೆ ಅವರಿಗೂ ಷೆಡ್ಡಿನ ಬಾಗಿಲು ತೆರೆಯದಾಯಿತು. ಯಾಕೆಂದು ಯಾರೂ ಕೇಳಲಿಲ್ಲ, ಗಂಜಿ ಕೊಡುವುದನ್ನು ನಿಲ್ಲಿಸಿದರು.

ಆಮೇಲೆ ಧಣಿಯೇ ಹೇಳಿಕಳಿಸಿದ. ಎತ್ತು ಹೋಗಿ ಷೆಡ್ಡಿನ ಎಂಜಿನ್ನೊಂದನ್ನು ಹೊತ್ತು ತಂದ. ಹೊಚ್ಚ ಹೊಸದು, ಮೇಲೆ ಸುತ್ತಿದ ಹಾಳೆಯೂ ಬಿಚ್ಚಿರಲಿಲ್ಲ. ಧಣಿ ಕೊಡೆ ಹಿಡಿದು ಹಿಂದೆ ಬಂದ. ಅವನು ಕರೆಸಿದ್ದರಿಂದ ದಡದವರೆಲ್ಲ ಆಗಲೇ ಸೇರಿದ್ದರು.

“ಬಡಗೀ, ಆ ತೂತಿಗೆ ಬೆಣೆ ಹೊಡೆದು ಡಾಂಬರು ಬಳಿ. ಹೆಂಗಸಿನ ಮಾತು ಕೇಳಿ ದೋಣಿಗೆ ತೂತು ಕೊರೀತಾರಲ್ಲೋ ಹಲ್ಕಾಗಳಾ!” ಧಣಿ ನಕ್ಕ. ಕೆಲವರು ಜೊತೆಗೆ ನಕ್ಕರು. “ನಂದೇನು ಕಲ್ಲು ಹೃದಯ ಅಲ್ಲ. ಎಂಜಿನ್ ಹಾಕ್ಕೊಳ್ಳಿ, ನಾಳೆಯಿಂದ ಹೋಗಿ. ಆದ್ರೆ ನಾನು ಬಾಗಿಲು ಹಾಕಿದ್ದಕ್ಕೇ ಅವನು ಸತ್ತ ಅಂತ ಊರೆಲ್ಲ ಆಡ್ಕೊಳ್ತಿದೆ. ಅದು ನಿಲ್ಲಬೇಕು. ಏಯ್, ಇವಳೇ, ಇಲ್ಲಿ ಬಾ. ಗಂಡ ಕುಡಿದು ಹೋಗಿದ್ದ, ಅದಕ್ಕೇ ಸತ್ತ ಅಂತ ಎಲ್ಲರ ಮುಂದೆ ಹೇಳು.”

ತಮ್ಮ ಹೆಂಡ ಮುಟ್ಟುತ್ತಿರಲಿಲ್ಲ. ಅಲ್ಲಿ ನಿಂತ ಒಬ್ಬೊಬ್ಬನಿಗೂ ಅದು ಗೊತ್ತಿತ್ತು. ಒಬ್ಬೊಬ್ಬನೂ ಮರಳು ನೋಡುತ್ತಿದ್ದ.

ಬಡಗಿ ತೂತಿಗೆ ಬೆಣೆ ಹೊಡೆದಾಗಿತ್ತು, ಡಾಂಬರು ಇನ್ನೂ ಬಳಿದಿರಲಿಲ್ಲ. ಎತ್ತು ಎಂಜಿನ್ನನ್ನು ಹಿಂಬದಿ ಹಲಗೆಗೆ ಕೂರಿಸಿ ತಿರುಪಿಗೆ ಕೈ ಹಾಕಿದ್ದ. ಇವಳು ಧಣಿಯ ಮುಖಕ್ಕೆ ಉಗಿಯುತ್ತಾಳೆ ಎಂದುಕೊಂಡಿದ್ದ. ಉಗಿಯಲಿ ಎಂದು ಒಳಗೊಳಗೇ ಕಾಯುತ್ತಲೂ ಇದ್ದ. ಅವಳು ಮುಂದೆ ಬಂದಳು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಸೆರಗು ಸರಿಮಾಡಿಕೊಂಡಳು. ನಿಧಾನವಾಗಿ ಎರಡೂ ಕೈ ಜೋಡಿಸಿದಳು.

“ಅವ್ರು...” ಎಂದಳು. “ಅವತ್ತು ಅವ್ರು... ಕುಡಿ...”

“ಬೇಡ!”

ಎತ್ತು ಕೂಗುವುದನ್ನು ಆ ದಡದಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ. ಅವನಿಗೇ ಅದು ತನ್ನ ದನಿ ಅನಿಸಲಿಲ್ಲ. ತಿರುಪು ಬಿಚ್ಚಿ ಎಂಜಿನ್ನನ್ನು ಎತ್ತಿದ. ಎತ್ತಿ ಸಮುದ್ರಕ್ಕೆ ಬಿಸಾಡುತ್ತಾನೆಂದು ಧಣಿ ಹಿಂದೆ ಸರಿದ. ಬಿಸಾಡಲಿಲ್ಲ. ಹೆಗಲಿನ ರೂಢಿ ಎಲ್ಲಿ ಹೋಗುತ್ತದೆ? ಒಂದು ಗೀರೂ ಬೀಳದ ಹಾಗೆ ಮರಳಿನ ಮೇಲೆ ಮಲಗಿಸಿದ. ಆಮೇಲೆ ಬಡಗಿಯ ಗರಗಸ ತಗೊಂಡು ಹಿಂಬದಿ ಹಲಗೆಯನ್ನು ಕೊಯ್ಯತೊಡಗಿದ.

“ಏಯ್, ಏನ್ ಮಾಡ್ತಿದೀಯೋ ಸೂಳೆಮಗನೆ?”

ಎಂಜಿನ್ ಕಚ್ಚುವ ಜಾಗದ ಈ ಕಡೆ ಒಂದು ಕೊಯ್ತ, ಆ ಕಡೆ ಒಂದು ಕೊಯ್ತ. ಬಡಗಿ ಬಾಯಿಮಾತಿಗೂ ತಡೆಯಲಿಲ್ಲ. ಎತ್ತು ನಡುವಿನ ಹಲಗೆಗೆ ಜಾಡಿಸಿ ಒದ್ದ. ಅದು ಮುರಿದು ಕೆಳಗೆ ಬಿತ್ತು.

“ಇನ್ನು ಹಾಕಿ ನೋಡಾಣ ನಿಮ್ ಎಂಜಿನ್ನ.”

ಧಣಿ ಸುಧಾರಿಸಿಕೊಂಡು ನಗತೊಡಗಿದ. “ಸಾಯಿ. ತಳದಲ್ಲಿ ತೂತು, ಹಿಂದೆ ಬಯಲು. ತಮ್ಮನ ದಾರಿ ನಿಂಗೂ ಗೊತ್ತಾಯ್ತಲ್ಲ.”

ದೋಣಿ ದೂಡಲು ಒಬ್ಬರೂ ಬರಲಿಲ್ಲ. ಭಾವ, ನಾದಿನಿ ಇಬ್ಬರೇ ದೂಡಿದರು. ಅವನು ಹುಟ್ಟು ಹಿಡಿದ. ಅಲೆ ಒಡೆಯುವ ಜಾಗ ದಾಟುವಾಗಲೇ ಹಿಂದಿನ ಬಾಯಿಂದ ನೀರು ಒಳಗೆ ನುಗ್ಗಿತು. ಬೆಣೆಯ ಸುತ್ತಲೂ ಒಸರುತ್ತಿತ್ತು.

“ಎಲ್ಲಿಗೆ ಭಾವ?”

“ಮೀನಿಗೆ.”

“ನೀರು ನಿಲ್ತಿಲ್ಲ.”

“ಮೊಗೆದು ಹಾಕು.”

ಹುಟ್ಟು ಹಾಕುವವನ ಮುಖ ದಡದ ಕಡೆಗೇ ಇರುತ್ತದೆ. ಕೊಯ್ದ ಹಲಗೆಯ ಸಂದಿಯಲ್ಲಿ ದಡ ಚಿಕ್ಕದಾಗುತ್ತ ಹೋಯಿತು. ಅಲ್ಲಿ ಯಾರೂ ಕದಲಿರಲಿಲ್ಲ. ಒಂದು ದೊಡ್ಡ ಅಲೆ ಎದ್ದು ಅವರೆಲ್ಲರನ್ನೂ ಮರೆ ಮಾಡಿತು. ಅವಳು ಮೊಣಕಾಲುದ್ದದ ನೀರಲ್ಲಿ ಕೂತು ಡಬ್ಬಿಯಿಂದ ಮೊಗೆದು ಮೊಗೆದು ಎಸೆಯುತ್ತಿದ್ದಳು. ಅವನು ಒಂದು ಕೈಯಲ್ಲಿ ಹುಟ್ಟು ಹಿಡಿದು, ಇನ್ನೊಂದರಿಂದ ಬಲೆ ಬಿಡತೊಡಗಿದ.