ಎಪ್ಪತ್ತೊಂಬತ್ತರ ಕೊಕ್ಕರೆ

ಕಂಡಕ್ಟರನಿಗೆ ಇದ್ದ ಹುಚ್ಚು ಒಂದೇ, ಅದೂ ಒಂದೇ ದೇಶದ್ದು. ಪ್ರಯಾಣಿಕರು ಹೊರದೇಶದ ನಾಣ್ಯ ತಂದು, ಇದರ ನಡುವೆ ತೂತಿದೆ, ಇದಕ್ಕೆ ಎಂಟು ಮೂಲೆ ಇದೆ, ಇಟ್ಟುಕೊಳ್ಳಿ ಎಂದು ಕೊಟ್ಟರೆ ನಕ್ಕು ವಾಪಸು ಮಾಡುತ್ತಿದ್ದ. ನಮ್ಮ ಮನೆಯವರದ್ದೇ ಮುಖ ಇನ್ನೂ ಪೂರ್ತಿ ನೋಡಿ ಮುಗಿದಿಲ್ಲ, ಪಕ್ಕದ ಮನೆಯವರನ್ನು ನೋಡುವುದು ಯಾವಾಗ ಎನ್ನುತ್ತಿದ್ದ.

ಸ್ವಂತ ದೇಶದ್ದರಲ್ಲೂ ಅವನಿಗೆ ಬೇಕಾದದ್ದು ಒಂದರ ನಾಣ್ಯ ಮಾತ್ರ. ಒಂದು ಬದಿಗೆ ಇಸವಿ, ಇನ್ನೊಂದು ಬದಿಗೆ ನೀರಲ್ಲಿ ನಿಂತ ಕೊಕ್ಕರೆ. ಜನರ ಬಾಯಲ್ಲಿ ಅದರ ಹೆಸರೇ ಕೊಕ್ಕರೆ. ವರ್ಷಕ್ಕೊಂದರಂತೆ ಎಲ್ಲವನ್ನೂ ಕೂಡಿಸಬೇಕು. ದುಡ್ಡು ಕೊಟ್ಟು ಕೊಳ್ಳಬಾರದು, ಚಿಲ್ಲರೆಯಲ್ಲಿ ತಾನಾಗಿ ಕೈಗೆ ಬರಬೇಕು. ಬಂದದ್ದನ್ನು ಒರೆಸಬಾರದು, ತೊಳೆಯಬಾರದು. ಟಿಕೆಟ್ಟಿನ ಚೀಲದಲ್ಲಿ ಬೇಕಾದ ಕೊಕ್ಕರೆ ಸಿಕ್ಕರೆ ಜೇಬಿನಿಂದ ಬೇರೊಂದು ಹಾಕಿ ಅದನ್ನು ತೆಗೆದುಕೊಳ್ಳುವನು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ಭೂತಗನ್ನಡಿ ಹಿಡಿದು ಕೂತನೆಂದರೆ ಮನೆಗೆ ಬೆಂಕಿ ಬಿದ್ದರೂ ಏಳುವವನಲ್ಲ. ಅರವತ್ತನಾಲ್ಕರ ಕೊಕ್ಕರೆಗೆ ಹೊಟ್ಟೆ ದಪ್ಪ. ಅರವತ್ತೆಂಟರಲ್ಲಿ ಅಚ್ಚು ಸವೆದು ಅದು ಒಂಟಿ ಕಾಲಿನ ಮೇಲೆ ನಿಂತಿದೆ. ಎಪ್ಪತ್ತೆರಡರಲ್ಲಿ ಯಾರೋ ಹೊಸ ಕೆಲಸಗಾರ ಕೊಕ್ಕಿಗೆ ಮೀನು ಕೊಟ್ಟಿದ್ದಾನೆ, ಮರುವರ್ಷ ಮೇಲಿನವರು ಕಿತ್ತುಕೊಂಡಿದ್ದಾರೆ. ಪಾಪ, ಒಂದೇ ವರ್ಷ ಊಟ ಮಾಡಿದ್ದು ಎಂದು ಅವನು ಮರುಗುವಾಗ, ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ತಲೆ ಎತ್ತದೆ ಹೇಳುವಳು:

"ನಾನು ಮಧ್ಯಾಹ್ನ ಊಟ ಮಾಡಿದೆನೋ ಇಲ್ಲವೋ ಅಂತ ಕೇಳಿದ್ರಾ?"

ಅವಳು ದರ್ಜಿ. ಮುಂದಿನ ಕೋಣೆಯೇ ಅಂಗಡಿ. ಬಾಯಲ್ಲಿ ಹೀಗೆ ಚುಚ್ಚಿದರೂ, ಆ ಕೊಕ್ಕರೆಗಳಿಗೆ ಗೂಡು ಕಟ್ಟಿಕೊಟ್ಟವಳು ಅವಳೇ. ಕೆಂಪು ಮಖಮಲ್ಲಿನ ಉದ್ದ ಪಟ್ಟಿಗೆ ಸಾಲಾಗಿ ಪುಟ್ಟ ಪುಟ್ಟ ಜೇಬು ಹೊಲಿದು, ಪ್ರತಿ ಜೇಬಿನ ಮೇಲೂ ಇಸವಿ ಕಸೂತಿ ಮಾಡಿದ್ದಳು. ಅದು ಪ್ರೀತಿಗೆ ಹೊಲಿದದ್ದಲ್ಲ, ತಪ್ಪಿಗೆ ಹೊಲಿದದ್ದು. ಮದುವೆಯಾದ ಹೊಸತರಲ್ಲಿ, ಗಂಡನಿಗೆ ಖುಷಿಯಾಗಲಿ ಎಂದು, ಡಬ್ಬಿಯಲ್ಲಿದ್ದ ನಲವತ್ತು ನಾಣ್ಯಗಳನ್ನು ನಿಂಬೆಹುಳಿ, ಬೂದಿ ಹಾಕಿ ತಿಕ್ಕಿ ಕನ್ನಡಿಯ ಹಾಗೆ ಹೊಳೆಯಿಸಿ ಇಟ್ಟಿದ್ದಳು. ಅವನು ಬಯ್ಯಲಿಲ್ಲ. ಎಷ್ಟು ಜನರ ಕೈ ದಾಟಿ ಬಂದಿತ್ತು ಕಣೇ, ಒಂದೇ ಬೆಳಿಗ್ಗೆಗೆ ಎಲ್ಲರನ್ನೂ ತೊಳೆದುಬಿಟ್ಟೆಯಲ್ಲ ಎಂದಷ್ಟೇ ಹೇಳಿದ. ನಲವತ್ತನ್ನೂ ಬಸ್ಸಿನ ಚಿಲ್ಲರೆಗೆ ಸೇರಿಸಿ ಮೊದಲಿನಿಂದ ಶುರುಮಾಡಿದ. ಇಪ್ಪತ್ತೆರಡು ವರ್ಷದಲ್ಲಿ ಎಲ್ಲ ಇಸವಿಯದೂ ತಿರುಗಿ ಬಂತು, ತೊಳೆದ ನಲವತ್ತರಲ್ಲಿದ್ದ ಎಪ್ಪತ್ತೊಂಬತ್ತರದೊಂದು ಮಾತ್ರ ಬರಲಿಲ್ಲ. ಆ ವರ್ಷ ಟಂಕಸಾಲೆಯಲ್ಲಿ ಮುಷ್ಕರವಾಗಿ ಅಚ್ಚಾದದ್ದೇ ಕಡಿಮೆಯಂತೆ. ಆ ಖಾಲಿ ಜೇಬು ಅವಳನ್ನು ಇಪ್ಪತ್ತೆರಡು ವರ್ಷದಿಂದ ಪಿಳಿಪಿಳಿ ನೋಡುತ್ತಿತ್ತು.

ಈಗ ತಿಂಗಳ ಕೊನೆಯಿಂದ ಬಸ್ಸಿನಲ್ಲಿ ಕಾರ್ಡು ಮಾತ್ರ, ಚಿಲ್ಲರೆ ಇಲ್ಲ ಎಂದು ಡಿಪೋದಲ್ಲಿ ಚೀಟಿ ಹಚ್ಚಿದರು. ಆ ಸಂಜೆ ಅವನು ಭೂತಗನ್ನಡಿ ತೆಗೆಯಲಿಲ್ಲ. ಪಟ್ಟಿ ಬಿಡಿಸಿ, ಖಾಲಿ ಜೇಬಿನ ಮೇಲೆ ಒಮ್ಮೆ ಬೆರಳಾಡಿಸಿ, ಸುತ್ತಿಟ್ಟ. ಬಂದಷ್ಟು ಬಂತು ಬಿಡು ಎಂದ. ಅವಳಿಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣಲಿಲ್ಲ.

ಮರುದಿನವೇ ಹಳೆ ನಾಣ್ಯದ ಅಂಗಡಿಗೆ ಹೋದಳು. ಎಪ್ಪತ್ತೊಂಬತ್ತರದು ಅಲ್ಲಿತ್ತು. ಒಂದರ ನಾಣ್ಯಕ್ಕೆ ಹನ್ನೊಂದು ಅಂಗಿ ಹೊಲಿದ ಕೂಲಿ ಕೊಟ್ಟು ಬಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಬಯ್ದುಕೊಂಡಳು, ನಡುನಡುವೆ ಮುಷ್ಟಿ ಬಿಚ್ಚಿ ನೋಡಿ ನಕ್ಕಳು.

ಆದರೆ ಕೊಂಡದ್ದೆಂದು ತಿಳಿದರೆ ಅವನು ಮುಟ್ಟುವವನಲ್ಲ. ಅದು ಚಿಲ್ಲರೆಯಾಗಿಯೇ ಅವನ ಕೈ ಸೇರಬೇಕು. ಬಸ್‌ಸ್ಟ್ಯಾಂಡಿನಲ್ಲಿ ಅವನು ದಿನಾ ಚಹಾ ಕುಡಿಯುವ ಅಂಗಡಿಯವನಿದ್ದ. ಲೋಟವನ್ನು ಎಂದೂ ತುಂಬಿಸದ ಪುಣ್ಯಕ್ಕೆ ಎಲ್ಲರೂ ಅವನನ್ನು ಅರ್ಧಗ್ಲಾಸು ಎನ್ನುತ್ತಿದ್ದರು. ಅವಳು ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಬೇರೆ ಚಿಲ್ಲರೆಯಲ್ಲಿ ಬೆರೆತುಹೋಗದಿರಲಿ ಎಂದು, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣವನ್ನು ಕೊಕ್ಕರೆಯ ಕಾಲಿನ ಸಂದಿಗೆ ಒತ್ತಿ ತಿಕ್ಕಿದ್ದಳು. ನಾಳೆ ಬೆಳಿಗ್ಗೆ ಚಿಲ್ಲರೆ ಕೊಡುವಾಗ ಇದನ್ನು ಕೊಡು, ಬಾಯಿ ಮಾತ್ರ ಬಿಡಬೇಡ ಎಂದಳು. ಆಯ್ತಕ್ಕ, ನನ್ನ ಬಾಯಿಗೆ ಬೀಗ ಎಂದ ಅರ್ಧಗ್ಲಾಸು.

ಬಾಯಿಗೆ ಬೀಗ ಹಾಕಿದವನ ಕಣ್ಣಿಗೆ ಮಂಜು ಮುಸುಕಿತು. ಮರುದಿನ ಮಧ್ಯಾಹ್ನ ಅವಳು ಹೋಗಿ ಕೇಳಿದರೆ ಅವನು ಲೋಟ ತೊಳೆಯುತ್ತಲೇ ನಿಂತ. ಕೊಟ್ಟನಂತೆ. ಕೆಟಲಿನ ಹಬೆಗೆ ಕನ್ನಡಕ ಮಸುಕಾಗಿತ್ತಂತೆ, ಮುಂದೆ ಖಾಕಿ ಅಂಗಿ ಕಂಡಿತಂತೆ, ಭಾವನೇ ಎಂದು ಕೊಟ್ಟೇಬಿಟ್ಟನಂತೆ. ಕನ್ನಡಕ ಒರೆಸಿ ನೋಡಿದರೆ ಅದು ರಾತ್ರಿ ಪಾಳಿ ಮುಗಿಸಿದ ಬ್ಯಾಂಕಿನ ಕಾವಲುಗಾರ. ಅಷ್ಟರಲ್ಲಿ ಅವನು ಬಸ್ಸಿಗೆ ಓಡಿಯಾಗಿತ್ತು.

"ಖಾಕಿ ಹಾಕ್ಕೊಂಡವರೆಲ್ಲ ನಿಂಗೆ ಭಾವನೇನೋ?"

"ತಪ್ಪಾಯ್ತಕ್ಕ. ಒಂದು ಚಹಾ ಕುಡೀರಿ."

"ತುಂಬಾ ಹಾಕ್ತೀಯಾ?"

ಅವನು ಆವತ್ತು ಲೋಟ ತುಂಬ ಹಾಕಿದ. ಅವಳು ಅದನ್ನು ಮುಟ್ಟದೆ ಎದ್ದು ಬಂದಳು. ಮೊದಲನೆಯದನ್ನು ತಿಕ್ಕಿ ಕಳೆದಳು, ಎರಡನೆಯದನ್ನು ಹಬೆಯಲ್ಲಿ ಕಳೆದಳು. ಇನ್ನೊಂದು ಕೊಳ್ಳೋಣವೆಂದರೆ ಆ ಅಂಗಡಿಯಲ್ಲಿದ್ದದ್ದೇ ಅದೊಂದು. ಮನೆಗೆ ಬಂದು ಹೊಲಿಯಲು ಕೂತವಳು ಎಡಗೈ ತೋಳನ್ನು ಬಲಕ್ಕೆ ಹೊಲಿದಳು, ಬಿಚ್ಚಿದಳು, ಮತ್ತೆ ಎಡಕ್ಕೇ ಉಲ್ಟಾ ಹೊಲಿದಳು.

ಸಂಜೆ ಕಂಡಕ್ಟರ ಬಂದವನು ಚಪ್ಪಲಿ ಬಿಡುವುದನ್ನೂ ಮರೆತಿದ್ದ. ಅವಳ ಯಂತ್ರದ ಮೇಲೆ, ಕತ್ತರಿಯ ಪಕ್ಕ, ಒಂದು ನಾಣ್ಯ ಇಟ್ಟ.

ಇಸವಿಯ ಬದಿ ಮೇಲಿತ್ತು. ಎಪ್ಪತ್ತೊಂಬತ್ತು.

ಆಮೇಲೆ ಅವನ ಬಾಯಿಗೆ ತಡೆಯಿರಲಿಲ್ಲ. ಬೆಳಿಗ್ಗೆ ಮೊದಲ ಟ್ರಿಪ್ಪಿನಲ್ಲಿ ಬ್ಯಾಂಕಿನ ಕಾವಲುಗಾರ ಹತ್ತಿದನಂತೆ, ದಿನದ ಹಾಗೆ ನಿದ್ದೆಗಣ್ಣಲ್ಲಿ ಚಿಲ್ಲರೆ ಕೊಟ್ಟನಂತೆ. ಚೀಲಕ್ಕೆ ಹಾಕುವ ಮುಂಚೆ ಅಭ್ಯಾಸಬಲದಿಂದ ತಿರುಗಿಸಿ ನೋಡಿದರೆ ಎಪ್ಪತ್ತೊಂಬತ್ತಂತೆ. ಎರಡು ಸ್ಟಾಪಿನ ಜನ ಟಿಕೆಟ್ಟಿಗಾಗಿ ಕೈ ಚಾಚಿಕೊಂಡೇ ಇದ್ದರಂತೆ. ಏನಯ್ಯಾ, ಮಗು ಹುಟ್ಟಿತೇ ಎಂದು ಡ್ರೈವರು ಕನ್ನಡಿಯಲ್ಲೇ ಕೇಳಿದನಂತೆ. ಅದಕ್ಕಿಂತ ಹೆಚ್ಚು ಎಂದನಂತೆ ಇವನು. ಜೇಬಿನಿಂದ ಬೇರೆ ಕೊಕ್ಕರೆ ಚೀಲಕ್ಕೆ ಹಾಕಿ, ಇದನ್ನು ಕರವಸ್ತ್ರದಲ್ಲಿ ಸುತ್ತಿ ದಿನವಿಡೀ ಎದೆಯ ಜೇಬಿನಲ್ಲಿ ಇಟ್ಟುಕೊಂಡನಂತೆ.

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೋದ ಜೀವ ಬಂದಂತಾಗಿ, ಒಳ್ಳೇದಾಯ್ತು ಬಿಡಿ ಎಂದಷ್ಟೇ ಹೇಳಿದಳು. ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಅದು ಮತ್ತೆ ಅಂಗಡಿಯ ನಾಣ್ಯವಾಗುತ್ತದೆ, ಜೇಬು ಮತ್ತೆ ಖಾಲಿ. ನುಂಗಿಕೊಂಡಳು.

ಅವನು ದೀಪ ಹತ್ತಿರ ಎಳೆದುಕೊಂಡು ಭೂತಗನ್ನಡಿ ಹಿಡಿದ. ಬಹಳ ಹೊತ್ತು ನೋಡಿದ.

"ಕಾಲಿನ ಸಂದೀಲಿ ಏನೋ ನೀಲಿ ಇದೆಯಲ್ಲೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ಬೆರಳುಗಳನ್ನು ಸೆರಗಿನಲ್ಲಿ ಅಡಗಿಸಿದಳು. ಇಪ್ಪತ್ತೆರಡು ವರ್ಷದಿಂದ ಅವಳ ಹೆಬ್ಬೆರಳು ಆ ಸೀಮೆಸುಣ್ಣದ ಬಣ್ಣದ್ದೇ.

"ಕೊಳೆ ಇರಬೇಕು," ಎಂದಳು.

"ಇರಬೇಕು. ಒರೆಸೋ ಹಾಗಿಲ್ಲವಲ್ಲ, ನಿಯಮ ಅಂದ್ರೆ ನಿಯಮ." ಅವನು ಮಖಮಲ್ಲಿನ ಪಟ್ಟಿ ಬಿಡಿಸಿ ನಾಣ್ಯವನ್ನು ನೀಲಿಯ ಸಮೇತ ಜೇಬಿಗೆ ಇಳಿಸಿದ. ಮೇಲಿನಿಂದ ಬೆರಳಲ್ಲಿ ಎರಡು ಸಲ ತಟ್ಟಿದ, ಮಲಗಿಸುವವನ ಹಾಗೆ. "ಪ್ರಯಾಣಿಕರ ಕೈಯಿಂದ ಬಂದದ್ದು. ನಾನಂತೂ ಕೊಂಡಿಲ್ಲ."

ಅವಳು ತಲೆ ತಗ್ಗಿಸಿ ತಪ್ಪಾಗಿ ಹೊಲಿದ ತೋಳಿನ ದಾರ ಬಿಚ್ಚತೊಡಗಿದಳು. ಅವನು ಸ್ಟೂಲು ಎಳೆದುಕೊಂಡು ಯಂತ್ರದ ಈಚೆ ಬದಿಗೆ ಬಂದು ಕೂತ. ಕೇಳದೆಯೇ ಅಂಗಿಯ ಇನ್ನೊಂದು ತುದಿ ಹಿಡಿದುಕೊಟ್ಟ.

"ಪಟ್ಟಿಗೆ ಇನ್ನೊಂದು ಸಾಲು ಹೊಲಿದುಕೊಡ್ತೀಯಾ? ಎರಡರ ನಾಣ್ಯ ಶುರುಮಾಡೋಣ ಅಂತ."

"ಬಸ್ಸಲ್ಲಿ ಚಿಲ್ಲರೆನೇ ಇರಲ್ಲವಲ್ರೀ. ಎಲ್ಲಿಂದ ಬರುತ್ತೆ?"

"ಅರ್ಧಗ್ಲಾಸಿನ ಹತ್ತಿರ ಕಾರ್ಡು ನಡೆಯಲ್ಲ," ಎಂದ ಕಂಡಕ್ಟರ. "ಒಳ್ಳೊಳ್ಳೆ ಚಿಲ್ಲರೆ ಕೊಡ್ತಾನಂತೆ, ಕಾವಲುಗಾರ ಹೇಳಿದ."

ಅವಳು ಮುಖ ಎತ್ತಲಿಲ್ಲ. ಎಷ್ಟು ಜೇಬು ಬೇಕು ಎಂದು ಮಾತ್ರ ಕೇಳಿದಳು.