ಗಂಟು ಕಟ್ಟಿದ ಪಾರ್ಸೆಲ್

"ಬೂಟಿಗೆ ವಿಮೆ ಬೇಕಂತೆ ಮಹಾರಾಣಿಗೆ! ನಾಳೆ ಪೊರಕೆಗೂ ಮಾಡಿಸ್ಕೋ."

ಪಾರ್ಸೆಲ್ ಆಫೀಸಿನ ಕೌಂಟರಿನ ಗುಮಾಸ್ತ ನನ್ನ ರಟ್ಟಿನ ಡಬ್ಬಿಯನ್ನು ಪೆನ್ನಿನ ತುದಿಯಿಂದ ಅತ್ತ ಸರಿಸಿದ. ಬೆರಳು ತಾಗಿದ್ದರೆ ಸವೆದುಹೋಗುತ್ತಿತ್ತೇನೋ. ಸಾಲಿನಲ್ಲಿ ನಿಂತವರು ಕಿಸಕ್ಕನೆ ನಕ್ಕರು.

"ನನ್ನ ಗಂಡ ಹೊಲಿದಿದ್ದು ಸಾರ್. ಹೊಚ್ಚ ಹೊಸದು."

"ಬಿಲ್ ಎಲ್ಲಿ?"

"ಮನೇಲಿ ಹೊಲಿದಿದ್ದಕ್ಕೆ ಎಲ್ಲಿಂದ ಬರುತ್ತೆ ಬಿಲ್ಲು?"

"ಹಂಗಾದ್ರೆ ಬೆಲೆ ಇಷ್ಟು ಅಂತ ಅವನ ಹತ್ರಾನೇ ಬರೆಸ್ಕೊಂಡು ಬಾ."

"ಅವರು ತೀರ್ಕೊಂಡು ಎರಡು ತಿಂಗಳಾಯ್ತು."

ಅವನು ತಲೆ ಎತ್ತಲಿಲ್ಲ. "ಬೆಲೆ ಇಲ್ದಿದ್ದಕ್ಕೆ ವಿಮೆ ಇಲ್ಲ. ಸಾದಾದಲ್ಲಿ ಹಾಕ್ತೀನಿ. ಮುಂದಿನವರು ಬನ್ನಿ."

ಸಾದಾ ಅಂದರೆ ಏನೆಂದು ನನಗೆ ಹೇಳಿಕೊಡಬೇಕೆ? ಅದೇ ಕಟ್ಟಡದ ಹಿಂದಿನ ಶೆಡ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಪಾರ್ಸೆಲ್ ಎತ್ತಿಹಾಕುವವಳು ನಾನು. ವಿಮೆ ಇದ್ದದ್ದಕ್ಕೆ ಕೆಂಪು ಚೀಟಿ. ಅದು ಕೈಯಿಂದ ಕೈಗೆ ಎಳೆಗೂಸಿನಂತೆ ಹೋಗಬೇಕು. ಸಾದಾ ಪಾರ್ಸೆಲ್ಲನ್ನು ಎಸೆಯುತ್ತೇವೆ. ಮೆಲ್ಲಗೆ ಇಳಿಸುತ್ತ ಕೂತರೆ ಲಾರಿ ತಡವಾಗುತ್ತದೆ, ಸೂಪರ್‌ವೈಸರನ ಬಾಯಿಂದ ನಮ್ಮ ಅವ್ವ ಅಜ್ಜಿಯರೆಲ್ಲ ಹೊರಗೆ ಬರುತ್ತಾರೆ. ಎಷ್ಟು ಜನರ ಸಾಮಾನು ಈ ಕೈಯಲ್ಲೇ ಒಡೆದಿದೆಯೋ, ದೇವರಿಗೇ ಗೊತ್ತು.

ಆದರೆ ನಮ್ಮದೊಂದು ಗುಟ್ಟಿತ್ತು. ಶೆಡ್ಡಿನವರು ತಮ್ಮವರಿಗೆ ಏನಾದರೂ ಕಳಿಸಿದರೆ ಡಬ್ಬಿಯ ಹುರಿಗೆ ಮೂಲೆಯಲ್ಲಿ ದಾರದ ಒಂದು ಗಂಟು ಹಾಕುತ್ತಿದ್ದೆವು. ಗಂಟು ಕಂಡರೆ ಯಾರೂ ಎಸೆಯುವುದಿಲ್ಲ. ಇಲ್ಲೂ ಅಷ್ಟೆ, ದಾರಿಯ ಶೆಡ್ಡುಗಳಲ್ಲೂ ಅಷ್ಟೆ. "ಬಡವರ ವಿಮೆ ಕಣೇ" ಎಂದು ನಗುತ್ತಿದ್ದಳು ನನ್ನ ಜೊತೆಗಾತಿ ದಪ್ಪಕ್ಕ. ಕಡ್ಡಿಯಂತಿರುವವಳಿಗೆ ಆ ಹೆಸರಿಟ್ಟ ಪುಣ್ಯಾತ್ಮ ಯಾರೋ.

ನಾನು ಗಂಡ ಬೂಟು ಹೊಲಿಯುತ್ತಿದ್ದ ಮೇಣದ ದಾರದ ಉಂಡೆಯಿಂದಲೇ ಗಂಟು ಹಾಕಿದೆ.

ಮಗಳ ಎಡಗಾಲು ಹುಟ್ಟಿನಿಂದಲೇ ಮೂರು ಬೆರಳಿನಷ್ಟು ಗಿಡ್ಡ. ದೂರದ ಬಟ್ಟೆ ಕಾರ್ಖಾನೆಯಲ್ಲಿದ್ದಾಳೆ. ಸೋಮವಾರ ಹತ್ತು ಗಂಟೆಗೆ ಗೋಡೆಗೆ ನಿಲ್ಲಿಸಿ ನೋಡುತ್ತಾರಂತೆ. ನೆಟ್ಟಗೆ ನಿಂತರೆ ಕೆಲಸ ಕಾಯಂ, ವಾಲಿದರೆ ಮನೆಗೆ. ಅವಳಪ್ಪ ಹಾಸಿಗೆಯಲ್ಲೇ ಒರಗಿ, ಒಂದು ಹೊಲಿಗೆಗೆ ಎರಡು ಸಲ ಕೆಮ್ಮುತ್ತ, ಎಡಗಾಲಿಗೆ ಏಳು ಪದರದ ಅಟ್ಟೆ ಕಟ್ಟಿದ್ದರು. ಅಳತೆಗೆ ಮಗಳು ಎದುರಿಗಿರಲಿಲ್ಲ. ತಮ್ಮ ಮೂರು ಬೆರಳು ಇಟ್ಟು ನೋಡಿಕೊಂಡರು. ಸಾವಿಗೆ ಬಂದವಳು ಅದನ್ನು ಒಯ್ಯಲಿಲ್ಲ. "ಹಾಕ್ಕೊಂಡ್ರೆ ಸವೆದುಹೋಗುತ್ತೆ ಅವ್ವಾ, ನಿನ್ನ ಹತ್ರಾನೇ ಇರಲಿ" ಎಂದಳು. ಹೋದ ವಾರ ಅವಳ ಹಳೆಯ ಬೂಟು ಸೀಳಿಹೋಯಿತು. ನಾನೇ ಒಯ್ಯೋಣವೆಂದು ಒಂದು ದಿನ ರಜೆ ಕೇಳಿದರೆ ಸೂಪರ್‌ವೈಸರ್, "ಹೋಗು, ವಾಪಸ್ ಮಾತ್ರ ಬರಬೇಡ" ಎಂದಿದ್ದ.

ಪಾರ್ಸೆಲ್ ಕೊಟ್ಟ ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ನನ್ನ ಡಬ್ಬಿ ಹಿಡಿದು ಶೆಡ್ಡಿನ ನಡುವೆ ನಿಂತಿದ್ದ. ಆ ವಾರ ಎರಡು ಕೆಂಪು ಚೀಟಿಯ ಪಾರ್ಸೆಲ್ ಕಳುವಾಗಿದ್ದವು. ಗಂಟನ್ನು ಕಳ್ಳರ ಗುರುತೆಂದುಕೊಂಡಿದ್ದ.

"ಯಾರದ್ರೇ ಇದು? ಬಾಯಿ ಬಿಡ್ರಿ, ಬೇವರ್ಸಿಗಳಾ!"

"ನಂದು ಸಾರ್. ಮಗಳಿಗೆ ಬೂಟು."

ಡಬ್ಬಿ ಹರಿದ. ಎಡಗಾಲಿನದನ್ನು ಎತ್ತಿ ಕೈಯಲ್ಲಿ ತೂಗಿ ನೋಡಿದ. "ಇಷ್ಟು ದಪ್ಪ ಅಟ್ಟೆ? ಒಳಗೇನೇ ಬಚ್ಚಿಟ್ಟಿದೀಯ, ಕಳ್ಳಮುಂಡೆ?"

"ಅದು ಅವಳ ಕಾಲು ಸಾರ್." ನನ್ನ ಬಾಯಿಗೆ ಬಂದದ್ದು ಅಷ್ಟೇ. "ಕುಯ್ಯಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ." ಬಿದ್ದೆ ಕೂಡ.

ಅವನು ಚಾಕು ತೆಗೆದು ಪದರ ಪದರವಾಗಿ ಬಿಡಿಸಿದ. ಒಂದೊಂದು ಹೊಲಿಗೆ ಹರಿದಾಗಲೂ ನನಗೆ ಆ ಕೆಮ್ಮು ಕೇಳಿಸಿತು. ಏಳನೆಯದರಲ್ಲೂ ಬರೀ ಚರ್ಮ. "ಥೂ" ಎಂದು ನೆಲಕ್ಕೆಸೆದ.

"ಈಗ ಇದಕ್ಕೆ ಯಾರು ಸಾರ್ ಹೊಣೆ?"

"ವಿಮೆ ಮಾಡಿಸಿದ್ಯಾ? ಇಲ್ವಲ್ಲ? ಮತ್ತೆ!" ಎಲ್ಲರತ್ತ ತಿರುಗಿದ. "ಇವತ್ತಿಂದ ಗಂಟು ಇರೋ ಪಾರ್ಸೆಲ್ ಕಂಡ್ರೆ ಕುಯ್ತೀನಿ. ಯಾವುದೇ ಇರಲಿ!"

ಸಂಜೆ ಮಗಳು ಫೋನ್ ಮಾಡಿ "ಹೊರಟ್ತಾ ಅವ್ವಾ?" ಎಂದಳು. ಹೊರಟಿದೆ ಎಂದುಬಿಟ್ಟೆ. ಎರಡು ದಿನ ಅಂಟು ಹಚ್ಚಿದೆ, ಹೊಲಿದೆ, ಬಿಚ್ಚಿದೆ, ಮತ್ತೆ ಹೊಲಿದೆ. ಅಟ್ಟೆ ಒಂದು ಕಡೆಗೇ ವಾಲುತ್ತಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ಭಾನುವಾರ ಅವಳಿಗೆ ನಿಜ ಹೇಳಿದೆ. "ಬಟ್ಟೆ ಮಡಿಚಿ ಹಿಮ್ಮಡಿ ಕೆಳಗಿಟ್ಕೊಂಡು ನಿಲ್ತೀನಿ ಬಿಡು, ನೀನು ಅಳಬೇಡ" ಎಂದಳು.

ಸೋಮವಾರ ಹತ್ತಕ್ಕೆ ಇನ್ನೂ ಕಾಲು ಗಂಟೆ ಇತ್ತು. ಕೆಂಪು ಚೀಟಿಯ ಪಾರ್ಸೆಲ್ಲುಗಳು ಮೇಜಿನ ತುಂಬ ಕೂತಿದ್ದವು. ಸೆರಗಿನಿಂದ ದಾರದ ಉಂಡೆ ತೆಗೆದು ಮೊದಲನೆಯದಕ್ಕೆ ಗಂಟು ಹಾಕಿದೆ. ಆಮೇಲೆ ಎರಡನೆಯದಕ್ಕೆ.

"ಏನೇ ಇದು, ತಲೆ ಕೆಟ್ಟಿದೆಯಾ?" ಎಂದಳು ದಪ್ಪಕ್ಕ.

"ಯಾವುದೇ ಇರಲಿ ಕುಯ್ತೀನಿ ಅಂದಿದಾನಲ್ಲ. ಕುಯ್ಲಿ."

ಅವಳು ನನ್ನ ಮುಖ ನೋಡಿದಳು. "ಕೊಡಿಲ್ಲಿ" ಎಂದು ಒಂದು ಮೊಳ ದಾರ ಹಲ್ಲಿನಲ್ಲಿ ಕಡಿದುಕೊಂಡಳು. ಅವಳ ಹಿಂದಿನವಳೂ ಕೈ ಚಾಚಿದಳು. ಅವಳ ಹಿಂದಿನವನೂ.

ಸೂಪರ್‌ವೈಸರ್ ಚಾಕು ಹಿಡಿದೇ ಬಂದ. ಮೇಜಿನ ಮೇಲೆ ಗಂಟಿಲ್ಲದ ಕೆಂಪು ಚೀಟಿ ಒಂದೂ ಇರಲಿಲ್ಲ.

"ಕುಯ್ಯಿರಿ ಸಾರ್" ಎಂದೆ. "ಇವಕ್ಕೆ ವಿಮೆ ಇದೆ."

ಅವನ ಕೈ ಮೇಲೇಳಲಿಲ್ಲ. ಗೋಡೆಯ ಗಡಿಯಾರದಲ್ಲಿ ಹತ್ತಾಯಿತು. ಅಲ್ಲಿ ನನ್ನ ಮಗಳನ್ನು ಗೋಡೆಗೆ ನಿಲ್ಲಿಸಿರುತ್ತಾರೆ. ನಾನು ಸಾದಾ ಪಾರ್ಸೆಲ್ಲುಗಳ ರಾಶಿಯ ಕಡೆ ತಿರುಗಿ, ಎಲ್ಲಕ್ಕಿಂತ ಕೆಳಗೆ ಸಿಕ್ಕಿಕೊಂಡಿದ್ದ ಡಬ್ಬಿಯೊಂದನ್ನು ಎಳೆದುಕೊಂಡೆ. ಅದಕ್ಕೆ ಗಂಟು ಹಾಕುವಷ್ಟರಲ್ಲಿ ನನ್ನ ಗಂಡನ ದಾರ ಮುಗಿದುಹೋಯಿತು.